ಬೀಳಿಸಿ ನೋಡುವವರು

ಲಿಫ್ಟಿನ ಕನ್ನಡಿಯಲ್ಲಿ ದಿನವೂ ತಲೆ ಬಾಚಿಕೊಳ್ಳುತ್ತೇವೆ. ಅದರ ಬ್ರೇಕು ಹಿಡಿಯುತ್ತದೋ ಇಲ್ಲವೋ ನೋಡಿದವರು ಯಾರು? ರಿಪೇರಿ ಮಾಡಿದವರೇ ‘ಎಲ್ಲ ಸರಿಯಿದೆ’ ಎಂದು ಸಹಿ ಹಾಕುವ ಕಡೆ, ಲಿಫ್ಟನ್ನು ಬೇಕೆಂದೇ ಜಾರಿಸಿ, ಭಾರ ಹೇರಿ, ಕರೆಂಟು ಕಿತ್ತು ನೋಡುವ ಸ್ವತಂತ್ರ ಪರೀಕ್ಷಕರಿಗೆ ಈಗ ಕೆಲಸ ಹೆಚ್ಚುತ್ತಿದೆ.

ಬೆಂಗಳೂರಿನ ಕನಕಪುರ ರಸ್ತೆಯ ಬದಿಯ ಹನ್ನೊಂದು ಅಂತಸ್ತಿನ ಅಪಾರ್ಟ್‌ಮೆಂಟು. ಶನಿವಾರ ಬೆಳಿಗ್ಗೆ. ರಾತ್ರಿಯೆಲ್ಲ ಸುರಿದ ಮಳೆ ಈಗಷ್ಟೇ ಬಿಟ್ಟಿದೆ. ಎರಡನೇ ಲಿಫ್ಟಿನ ಮುಂದೆ ಹಳದಿ ಪಟ್ಟಿ ಎಳೆದು ‘ಪರೀಕ್ಷೆ ನಡೆಯುತ್ತಿದೆ, ಬಳಸಬೇಡಿ’ ಎಂದು ಬರೆದ ರಟ್ಟು ತೂಗುಹಾಕಿದ್ದಾರೆ. ಇಬ್ಬರು ಹುಡುಗರು ಗೂಡ್ಸ್ ಆಟೋದಿಂದ ಬೀಡುಕಬ್ಬಿಣದ ತೂಕಗಳನ್ನು ಇಳಿಸಿ ತಂದು ಕ್ಯಾಬಿನ್ನಿನೊಳಗೆ ಸಾಲಾಗಿ ಜೋಡಿಸುತ್ತಿದ್ದಾರೆ. ಒಂದೊಂದೂ 20 ಕಿಲೋ.

ಒಳಗಿನ ಫಲಕ ಹೇಳುವುದು ‘8 ಜನ, 544 ಕಿಲೋ’. ಹುಡುಗರು ಕೈ ಒರೆಸಿಕೊಳ್ಳುವುದು ಮೂವತ್ತನಾಲ್ಕನೆಯ ತೂಕ ಒಳಗೆ ಹೋದ ಮೇಲೆ. ಅಲ್ಲಿಗೆ 680 ಕಿಲೋ, ಫಲಕದ ಭಾರಕ್ಕಿಂತ ಕಾಲುಪಾಲು ಜಾಸ್ತಿ. ಓವರ್‌ಲೋಡ್ ಗಂಟೆ ಬಡಿದುಕೊಳ್ಳುತ್ತದೆ. ಅದನ್ನು ಸುಮ್ಮನಾಗಿಸಿ, ಒಳಗೆ ಯಾರೂ ಇಲ್ಲವೆಂದು ಎರಡೆರಡು ಸಲ ನೋಡಿ, ಮನುಷ್ಯರಿಲ್ಲದ ಆ ಲಿಫ್ಟನ್ನು ಮೇಲಿನ ಅಂತಸ್ತಿಗೆ ಕಳಿಸುತ್ತಾರೆ.

ತಾರಸಿಯ ಮೆಷಿನ್ ರೂಮಿನಲ್ಲಿ ಪರೀಕ್ಷಕರು ಕಾದಿದ್ದಾರೆ. ಲಿಫ್ಟು ಇಳಿಯತೊಡಗುತ್ತದೆ. ಪೂರ್ತಿ ವೇಗ ಹಿಡಿದ ಹೊತ್ತಿಗೆ ಸರಿಯಾಗಿ ಮೇನ್ ಸ್ವಿಚ್ಚು ಎಳೆದುಬಿಡುತ್ತಾರೆ. ಠಪ್ಪೆಂದು ಬ್ರೇಕು ಕಚ್ಚುತ್ತದೆ, ರೋಪುಗಳು ಅದುರುತ್ತವೆ, ಲಿಫ್ಟು ನಿಲ್ಲುತ್ತದೆ. ಚಕ್ರದ ಅಂಚಿಗೂ ರೋಪಿಗೂ ಮೊದಲೇ ಸೀಮೆಸುಣ್ಣದಲ್ಲಿ ಎಳೆದಿಟ್ಟ ಗೆರೆ ಈಗ ಎಷ್ಟು ಸರಿದಿದೆ ಎಂದು ಟಾರ್ಚು ಬಿಟ್ಟು ಅಳೆದು ಬರೆದುಕೊಳ್ಳುತ್ತಾರೆ.

ಇಂಥ ದಿನ ಮೆಟ್ಟಿಲು ಹತ್ತಿ ದಣಿದ ಹಿರಿಯರೊಬ್ಬರಾದರೂ ಬಂದು ಕೇಳದೆ ಇರುವುದಿಲ್ಲ: “ಚೆನ್ನಾಗಿ ಓಡ್ತಿರೋ ಲಿಫ್ಟನ್ನ ಯಾಕ್ರೀ ಕೆಡಿಸ್ತೀರಿ?”

ಕೇಳಬೇಕಾದ ಪ್ರಶ್ನೆಯೇ.

ಕೆಲಸವಿಲ್ಲದ ಕಾವಲುಗಾರರು

ಲಿಫ್ಟಿನಲ್ಲಿ ದಿನವೂ ದುಡಿಯುವ ಭಾಗಗಳು ಕೆಟ್ಟರೆ ತಾವೇ ಹೇಳಿಕೊಳ್ಳುತ್ತವೆ. ಬಾಗಿಲು ಕಿರ್ರೆನ್ನುತ್ತದೆ, ಗುಂಡಿ ಒತ್ತಿದರೆ ದೀಪ ಹತ್ತುವುದಿಲ್ಲ, ಮೋಟಾರು ಗುಂಯ್‌ಗುಡುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹತ್ತು ನಿಮಿಷಕ್ಕೆ ಹನ್ನೆರಡು ದೂರು ಬೀಳುತ್ತವೆ.

ಜೀವ ಉಳಿಸುವ ಭಾಗಗಳ ಕಥೆ ಬೇರೆ. ಕ್ಯಾಬಿನ್ನಿನ ಅಡಿಯಲ್ಲಿ, ಎರಡೂ ಬದಿಯ ಗೈಡ್ ರೈಲುಗಳಿಗೆ ಅಂಟಿದಂತೆ ‘ಸೇಫ್ಟಿ ಗೇರ್’ ಎಂಬ ಉಕ್ಕಿನ ದವಡೆಗಳಿರುತ್ತವೆ. ಲಿಫ್ಟು ಕೆಳಮುಖವಾಗಿ ಹದ್ದುಮೀರಿ ಓಡಿದರೆ ರೈಲನ್ನು ಕಚ್ಚಿ ನಿಲ್ಲಿಸುವುದು ಅವುಗಳ ಕೆಲಸ. ಹದಿನೈದು ವರ್ಷ ಒಂದು ಸಲವೂ ಕಚ್ಚದೆ ಕಳೆದುಬಿಡಬಹುದು. ಅಷ್ಟರಲ್ಲಿ ತುಕ್ಕು ಹಿಡಿದಿದೆಯೋ, ಹಳೆಯ ಗ್ರೀಸು ಧೂಳು ಸೇರಿ ಗಟ್ಟಿಯಾಗಿದೆಯೋ, ಪೇಂಟು ಬಳಿಯಲು ಬಂದವನು ಅದರ ಮೇಲೂ ಒಂದು ಕೈ ಬಳಿದು ಹೋಗಿದ್ದಾನೋ, ಕಚ್ಚಿಸಿ ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಬ್ರೇಕಿನದೂ ಅದೇ ಪಾಡು. ಹಳೆಯ ಕಾಲದ ಲಿಫ್ಟುಗಳು ಅಂತಸ್ತಿಗೆ ಬಂದಾಗ ಕುಲುಕಿ ನಿಲ್ಲುತ್ತಿದ್ದವಲ್ಲ, ಅದು ಬ್ರೇಕು. ಈಗಿನ ಡ್ರೈವುಗಳಲ್ಲಿ ಮೋಟಾರೇ ವೇಗವನ್ನು ಸೊನ್ನೆಗೆ ತಂದು ನಯವಾಗಿ ನಿಲ್ಲಿಸುತ್ತದೆ. ಬ್ರೇಕಿನ ಪಾಲಿಗೆ ಉಳಿದಿರುವುದು ನಿಂತದ್ದನ್ನು ಹಿಡಿದುಕೊಂಡಿರುವುದು ಮಾತ್ರ. ಓಡುವ ಲಿಫ್ಟನ್ನು ಹಿಡಿದು ನಿಲ್ಲಿಸುವ ಕಸುವು ಅದಕ್ಕೆ ಇನ್ನೂ ಇದೆಯೇ ಎಂಬುದು ಒಳಗೆ ನಿಂತವರ ಅನುಭವಕ್ಕೆ ಬರುವುದೇ ಇಲ್ಲ. ಪ್ರಯಾಣ ನಯವಾದಷ್ಟೂ ಬ್ರೇಕಿನ ಬಡತನ ಮರೆಯಾಗುತ್ತದೆ.

ದವಡೆಗಳಿಗೆ ಕಚ್ಚು ಎಂದು ಹೇಳುವುದು ಗವರ್ನರ್. ಮೆಷಿನ್ ರೂಮಿನ ಮೂಲೆಯಲ್ಲಿರುವ, ಊಟದ ತಟ್ಟೆಯಷ್ಟಗಲದ ಚಕ್ರ. ಕ್ಯಾಬಿನ್ನಿಗೆ ಕಟ್ಟಿದ ಸಣ್ಣ ರೋಪೊಂದು ಅದರ ಮೇಲೆ ಹಾದು ತಳದ ಪಿಟ್‌ವರೆಗೆ ಇಳಿದು ಸುತ್ತಿ ಬರುತ್ತದೆ. ಲಿಫ್ಟಿನ ವೇಗ ನಿಗದಿಗಿಂತ ಶೇ 15ರಷ್ಟನ್ನಾದರೂ ಮೀರಿದರೆ ಗವರ್ನರಿನೊಳಗಿನ ತೂಕಗಳು ಹೊರಕ್ಕೆ ಚಿಮ್ಮಿ ರೋಪನ್ನು ಹಿಡಿಯುತ್ತವೆ. ರೋಪು ನಿಂತಿತು, ಕ್ಯಾಬಿನ್ನು ಇಳಿಯುತ್ತಲೇ ಇದೆ. ಆ ಎಳೆತಕ್ಕೆ ದವಡೆ ಮೇಲೆದ್ದು ರೈಲನ್ನು ಕಚ್ಚುತ್ತದೆ. ಕರೆಂಟು ಬೇಡ, ಕಂಪ್ಯೂಟರು ಬೇಡ.

ವಾರ್ಷಿಕ ಪರೀಕ್ಷೆಯಲ್ಲಿ ಖಾಲಿ ಕ್ಯಾಬಿನ್ನನ್ನು ನಿಧಾನಕ್ಕೆ ಇಳಿಸುತ್ತ ಗವರ್ನರನ್ನು ಕೈಯಿಂದಲೇ ಟ್ರಿಪ್ ಮಾಡಿ ರೋಪು ಹಿಡಿಸುತ್ತಾರೆ. ಲಿಫ್ಟು ಗಕ್ಕನೆ ಸಿಕ್ಕಿಕೊಂಡ ಮೇಲೆ ಒಳಗೆ ರಸಮಟ್ಟ ಇಟ್ಟು ನೆಲ ವಾಲಿದೆಯೇ ನೋಡುತ್ತಾರೆ. ನೂರಕ್ಕೆ ಐದು ಪಾಲಿಗಿಂತ ಹೆಚ್ಚು ವಾಲಬಾರದು. ಆಮೇಲೆ ಲಿಫ್ಟನ್ನು ಮೇಲೆತ್ತಿ ದವಡೆ ಬಿಡಿಸಿ, ರೈಲಿನ ಮೇಲೆ ಹಲ್ಲಿನ ಗುರುತು ಎರಡೂ ಬದಿ ಒಂದೇ ಎತ್ತರಕ್ಕೆ ಮೂಡಿದೆಯೇ ಎಂದು ಬೆರಳಾಡಿಸಿ ನೋಡುತ್ತಾರೆ. ಒಂದು ಬದಿ ಮಾತ್ರ ಕಚ್ಚಿದ್ದರೆ ಕಾಗದದಲ್ಲಿ ಬರೆಯುವುದು ಒಂದೇ ಪದ: ಫೇಲ್. ಎಲ್ಲ ಮುಗಿದ ಮೇಲೆ ಆ ಗುರುತುಗಳನ್ನು ಅರದಿಂದ ಉಜ್ಜಿ ನಯ ಮಾಡಿಬಿಡುತ್ತಾರೆ.

> ಫಲಕದ ಲೆಕ್ಕ
> ನಮ್ಮ ದೇಶದ ಲಿಫ್ಟುಗಳಲ್ಲಿ ಒಬ್ಬ ಮನುಷ್ಯನ ತೂಕ 68 ಕಿಲೋ ಎಂದು ಹಿಡಿಯುವುದು ವಾಡಿಕೆ. ಹಾಗಾಗಿಯೇ 4 ಜನಕ್ಕೆ 272, 6 ಜನಕ್ಕೆ 408, 8 ಜನಕ್ಕೆ 544, 10 ಜನಕ್ಕೆ 680, 13 ಜನಕ್ಕೆ 884 ಕಿಲೋ ಎಂಬ ವಿಚಿತ್ರ ಅಂಕಿಗಳು. ಬ್ರೇಕಿನ ಪರೀಕ್ಷೆಗೆ ಇದರ ಮೇಲೆ ಶೇ 25 ಸೇರಿಸುತ್ತಾರೆ. ಮದುವೆ ಮನೆಯಿಂದ ಬಂದ ಎಂಟು ಮಂದಿ ಒಟ್ಟಿಗೆ ಹತ್ತುವ ನಾಡಿನಲ್ಲಿ ಆ ಕಾಲುಪಾಲು ಹೆಚ್ಚಾಯಿತು ಎನ್ನುವಂತಿಲ್ಲ.

ಮೇಲಕ್ಕೆ ಬೀಳುವ ಯಂತ್ರ

ಸಿನಿಮಾಗಳು ನಮ್ಮ ತಲೆಯಲ್ಲಿ ತುಂಬಿರುವ ಭಯವೊಂದೇ: ಹಗ್ಗ ತುಂಡಾಗಿ ಲಿಫ್ಟು ಪಾತಾಳಕ್ಕೆ. ಪರೀಕ್ಷಕರಿಗೆ ಆ ಭಯ ಕಡಿಮೆ. ರೋಪುಗಳು ಮೂರೋ ನಾಲ್ಕೋ ಐದೋ ಇರುತ್ತವೆ. ಒಟ್ಟು ಸಾಮರ್ಥ್ಯ ಹೊರಬೇಕಾದ ಭಾರದ ಹನ್ನೆರಡು ಪಟ್ಟು ಇರಬೇಕೆಂಬುದು ಯುರೋಪಿನ ನಿಯಮ. ನಾಲ್ಕರಲ್ಲಿ ಮೂರು ಹೋದರೂ ಉಳಿದೊಂದು ಹಿಡಿದೀತು.

ಅವರು ಅಂಜುವುದು ಲಿಫ್ಟು ಮೇಲಕ್ಕೆ ಹೋಗುವುದಕ್ಕೆ. ರೋಪಿನ ಒಂದು ತುದಿಗೆ ಕ್ಯಾಬಿನ್ನು, ಇನ್ನೊಂದು ತುದಿಗೆ ಕೌಂಟರ್‌ವೇಟ್. ಈ ಕೌಂಟರ್‌ವೇಟಿನ ತೂಕ ಖಾಲಿ ಕ್ಯಾಬಿನ್ನಿನ ತೂಕಕ್ಕೆ ಹೊರೆಯ ಅರ್ಧದಷ್ಟನ್ನು ಸೇರಿಸಿದಷ್ಟು. ಅಂದರೆ ಎಂಟು ಜನರ ಲಿಫ್ಟಿನಲ್ಲಿ ನೀವೊಬ್ಬರೇ ನಿಂತಿದ್ದರೆ ಆಚೆ ಬದಿಯೇ ಭಾರ, ಸುಮಾರು 200 ಕಿಲೋ. ಬ್ರೇಕು ಸೋತರೆ ನೀವು ಹೋಗುವುದು ಸೂರಿನ ಕಡೆಗೆ.

2006ರ ಜೂನ್ 3ರಂದು ಟೋಕಿಯೊದ ಮಿನಾಟೊ ವಾರ್ಡಿನ ವಸತಿ ಕಟ್ಟಡವೊಂದರಲ್ಲಿ ಆದದ್ದು ಇದೇ. ಹೈಸ್ಕೂಲಿನ ಹುಡುಗ, ಹದಿನಾರರ ವಯಸ್ಸು. ಸೈಕಲ್ಲಿನೊಂದಿಗೆ ಲಿಫ್ಟಿನಿಂದ ಹೊರಬರುತ್ತಿದ್ದ. ಬಾಗಿಲು ತೆರೆದೇ ಇತ್ತು. ಲಿಫ್ಟು ಮೇಲೆದ್ದಿತು. ತನಿಖೆಯಲ್ಲಿ ಕಂಡದ್ದು ಸವೆದುಹೋದ ಬ್ರೇಕು. ಆ ಕಟ್ಟಡದಲ್ಲಿ ಲಿಫ್ಟು ಮಾಡಿದ ಕಂಪನಿ ಒಂದು, ನಿರ್ವಹಣೆ ನೋಡುತ್ತಿದ್ದದ್ದು ಇನ್ನೊಂದು. ಬಾಗಿಲು ತೆರೆದಿರುವಾಗ ಲಿಫ್ಟು ತಾನಾಗಿ ಕದಲಿದರೆ ತಡೆಯುವ ಪ್ರತ್ಯೇಕ ಸಾಧನ ಇರಲೇಬೇಕೆಂದು ಜಪಾನು 2009ರಲ್ಲಿ ಕಡ್ಡಾಯ ಮಾಡಿತು. ಯುರೋಪಿನ ಮಾನಕಕ್ಕೂ ಅದೇ ವರ್ಷ ಇದೇ ಬಗೆಯ ತಿದ್ದುಪಡಿ ಸೇರಿತು.

ನಮ್ಮ ಊರುಗಳಲ್ಲಿ ಅದಕ್ಕೂ ಹಿಂದಿನ ಲಿಫ್ಟುಗಳು ರಾಶಿ ಇವೆ. ಎಳೆದು ಮುಚ್ಚುವ ಕೊಲ್ಯಾಪ್ಸಿಬಲ್ ಗೇಟಿನ ಲಿಫ್ಟುಗಳು ಹುಬ್ಬಳ್ಳಿ, ದಾವಣಗೆರೆಯ ಹಳೆಯ ಲಾಡ್ಜುಗಳಲ್ಲಿ ಇನ್ನೂ ಕಟಕಟ ಎನ್ನುತ್ತಿವೆ. ಆ ಗೇಟಿನ ಸಂದಿಯಲ್ಲಿ ಮಗುವಿನ ಕೈ ಸಲೀಸಾಗಿ ತೂರುತ್ತದೆ. ಹಳೆಯದೆಲ್ಲ ಅಪಾಯ ಎಂದೇನೂ ಅಲ್ಲ. ಹಳೆಯದಕ್ಕೆ ಬ್ರೇಕೊಂದೇ ಆಸರೆ, ಆದ್ದರಿಂದ ಆ ಬ್ರೇಕನ್ನು ನೋಡುವ ಕಣ್ಣು ಹೆಚ್ಚು ನಿಷ್ಠುರವಾಗಿರಬೇಕು.

ಪರೀಕ್ಷೆ ಬರೆದವನೇ ಅಂಕ ಹಾಕಿದರೆ

ಲಿಫ್ಟಿನ ಸುರಕ್ಷತೆಯ ಚರಿತ್ರೆ ಶುರುವಾಗುವುದೇ ಒಂದು ಪರೀಕ್ಷೆಯಿಂದ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎಲಿಷಾ ಓಟಿಸ್ ಎತ್ತರಕ್ಕೇರಿಸಿದ ಅಟ್ಟಣೆಯ ಮೇಲೆ ತಾನೇ ನಿಂತು, ಅದನ್ನು ಎತ್ತಿ ಹಿಡಿದಿದ್ದ ಹಗ್ಗವನ್ನು ಕಡಿಸಿದ. ಅಟ್ಟಣೆ ಕೆಲವು ಅಂಗುಲ ಜಾರಿ ನಿಂತಿತು. ಮೂರು ವರ್ಷದಲ್ಲಿ ಬ್ರಾಡ್‌ವೇಯ ಅಂಗಡಿಯೊಂದಕ್ಕೆ ಜನ ಹತ್ತುವ ಲಿಫ್ಟು ಬಂತು. ಎಲ್ಲರೂ ಮೆಚ್ಚಿ ಹೇಳುವ ಈ ಕಥೆಯಲ್ಲಿ ಒಂದು ತೊಡಕಿದೆ: ಅಲ್ಲಿ ಮಾಡಿದವನೂ ಮಾರಿದವನೂ ಪರೀಕ್ಷಿಸಿದವನೂ ಒಬ್ಬನೇ. ಓಟಿಸ್ ಪ್ರಾಮಾಣಿಕ, ಜೊತೆಗೆ ತನ್ನ ಜೀವವನ್ನೇ ಪಣಕ್ಕಿಟ್ಟಿದ್ದ. ಎಲ್ಲ ಏಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಕಂಪನಿಗಳಿಂದ ಅಷ್ಟು ನಿರೀಕ್ಷಿಸಲಾದೀತೆ?

ನ್ಯೂಯಾರ್ಕೇ ಆ ನಂಬಿಕೆ ಬಿಟ್ಟಿದೆ. ಅಲ್ಲಿ ವಾರ್ಷಿಕ ಪರೀಕ್ಷೆ ಮಾಡುವ ಸಂಸ್ಥೆ ಒಂದಾದರೆ, ಪಕ್ಕದಲ್ಲಿ ನಿಂತು ಸಾಕ್ಷಿಯಾಗುವ ಸಂಸ್ಥೆ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದಾಗಿರಬೇಕು. ಅಮೆರಿಕದ ಸಂಹಿತೆ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಹೊರೆಯಿಲ್ಲದೆ, ಐದು ವರ್ಷಕ್ಕೊಮ್ಮೆ ಹೊರೆ ಹೇರಿ ಎಂದು ವಿಂಗಡಿಸಿದೆ. ಇನ್‌ಸ್ಪೆಕ್ಟರುಗಳಿಗೆ ‘ಕ್ಯೂಇಐ’ ಎಂಬ ಪ್ರತ್ಯೇಕ ಅರ್ಹತಾ ಪರೀಕ್ಷೆಯಿದೆ. ಅದಕ್ಕೆ ತಯಾರು ಮಾಡುವುದು, ಆಮೇಲೂ ವರ್ಷ ವರ್ಷ ಪಾಠ ಹೇಳುವುದು ಒಂದು ಕಸುಬೇ ಆಗಿದೆ. ನಿವೃತ್ತ ಇನ್‌ಸ್ಪೆಕ್ಟರುಗಳು, ಕಂಪನಿ ಬಿಟ್ಟ ಹಳೆಯ ಮೆಕ್ಯಾನಿಕ್ಕುಗಳು ಒಂಟಿಯಾಗಿ ಸಲಹಾ ಕಚೇರಿ ತೆರೆದು ಬದುಕುವುದು ಹೀಗೆ.

ಬ್ರಿಟನ್ನಿನಲ್ಲಿ 1998ರ ‘ಲೋಲರ್’ ನಿಯಮಗಳ ಪ್ರಕಾರ ಕೆಲಸದ ಸ್ಥಳಗಳಲ್ಲಿ ಜನರನ್ನು ಒಯ್ಯುವ ಲಿಫ್ಟಿಗೆ ಆರು ತಿಂಗಳಿಗೊಮ್ಮೆ ಕೂಲಂಕಷ ತಪಾಸಣೆ. ತಪಾಸಣೆ ಮಾಡುವವರು ದಿನನಿತ್ಯದ ನಿರ್ವಹಣೆ ಮಾಡುವವರೇ ಆಗಿರಬಾರದು, ಆಗ ತಮ್ಮ ಕೆಲಸಕ್ಕೆ ತಾವೇ ಬೆಲೆ ಕಟ್ಟಿದಂತಾಗುತ್ತದೆ ಎಂಬುದು ಅಲ್ಲಿನ ಅಧಿಕೃತ ಮಾರ್ಗಸೂಚಿ.

ಕರ್ನಾಟಕಕ್ಕೂ ಲಿಫ್ಟಿನ ಕಾನೂನು ಹೊಸದಲ್ಲ. ಮುಂಬೈ ಪ್ರಾಂತ್ಯ 1939ರಲ್ಲೇ ಕಾಯ್ದೆ ಮಾಡಿತ್ತು. ನಮ್ಮಲ್ಲಿ 1974ರಲ್ಲಿ ಬಂತು. ಎಸ್ಕಲೇಟರುಗಳನ್ನೂ ಸೇರಿಸಿಕೊಂಡ ಈಗಿನ ಕಾಯ್ದೆ 2012ರದು. ಲಿಫ್ಟು ಕೂರಿಸಲು ಅನುಮತಿ, ಓಡಿಸಲು ಪರವಾನಗಿ, ಆಮೇಲೆ ನಿಯತ ತಪಾಸಣೆ, ಎಲ್ಲವೂ ವಿದ್ಯುತ್ ಪರಿವೀಕ್ಷಣಾಲಯದ ಹೊಣೆ. ಇಂಥ ಕಾಯ್ದೆಯೇ ಇಲ್ಲದ ರಾಜ್ಯಗಳೂ ಇವೆ. ನೋಯ್ಡಾ ಸುತ್ತಿನ ಬಹುಮಹಡಿಗಳಲ್ಲಿ 2023ರಲ್ಲಿ ಒಂದರ ಹಿಂದೊಂದು ಅವಘಡಗಳಾದ ಮೇಲಷ್ಟೇ ಉತ್ತರಪ್ರದೇಶ 2024ರಲ್ಲಿ ಕಾಯ್ದೆ ತಂದಿತು.

ಆದರೆ ಸರ್ಕಾರದ ತಪಾಸಣೆ ಬರುವುದು ಅಪರೂಪಕ್ಕೆ. ಮಧ್ಯದ ದಿನಗಳಲ್ಲಿ ಲಿಫ್ಟಿನ ಆರೋಗ್ಯದ ಬಗ್ಗೆ ಅಸೋಸಿಯೇಷನ್ನಿನ ಕೈಯಲ್ಲಿರುವ ಒಂದೇ ದಾಖಲೆ ಎಂದರೆ ಏಎಂಸಿ ಹುಡುಗ ತಿಂಗಳಿಗೊಮ್ಮೆ ಬಂದು, ನಲವತ್ತು ನಿಮಿಷ ಇದ್ದು, ಟಿಕ್ ಹಾಕಿ, ವಾಚ್‌ಮನ್ ಕೈಲಿ ಸಹಿ ಮಾಡಿಸಿ ಹೋದ ಹಾಳೆ. ಆ ಹಾಳೆಯಲ್ಲಿ ‘ಬ್ರೇಕ್: ಓಕೆ’ ಎಂದಿರುತ್ತದೆ. ಹೇಗೆ ಗೊತ್ತಾಯಿತು ಎಂಬ ಕಾಲಮ್ಮು ಇರುವುದಿಲ್ಲ.

ನೋಡುವುದಕ್ಕೂ ಪರೀಕ್ಷಿಸುವುದಕ್ಕೂ ಎಷ್ಟು ದೂರ ಎಂಬುದನ್ನು ಲಿಸ್ಬನ್ ನಗರ ಭೀಕರವಾಗಿ ಕಂಡಿತು. 2025ರ ಸೆಪ್ಟೆಂಬರ್ 3ರಂದು ಅಲ್ಲಿನ ಹಳೆಯ ಗ್ಲೋರಿಯಾ ಹಳಿಬಂಡಿಯ ಕೇಬಲ್ಲು ಕಳಚಿ, ಬಂಡಿ ಇಳಿಜಾರಿನಲ್ಲಿ ಓಡಿ ಕಟ್ಟಡಕ್ಕೆ ಬಡಿದು 16 ಜನ ಸತ್ತರು. ಅದು ಲಿಫ್ಟಲ್ಲ, ಲಿಫ್ಟಿನ ದಾಯಾದಿ: ಒಂದು ಇಳಿದರೆ ಇನ್ನೊಂದು ಏರುವ, ಕೇಬಲ್ಲಿನಿಂದ ಬೆಸೆದ ಎರಡು ಬಂಡಿಗಳು. ಅದೇ ದಿನ ಬೆಳಿಗ್ಗೆ ಕಣ್ಣಳತೆಯ ತಪಾಸಣೆ ಆಗಿತ್ತು, ದೋಷ ಕಂಡಿರಲಿಲ್ಲ. ಕೇಬಲ್ಲು ಕಳಚಿಕೊಂಡ ಜಾಗ ಬಿಚ್ಚದೆ ಕಣ್ಣಿಗೆ ಬೀಳುವಂಥದ್ದೇ ಆಗಿರಲಿಲ್ಲ ಎಂದರು ತನಿಖಾಧಿಕಾರಿಗಳು.

> 75 ಅಂತಸ್ತು ಬಿದ್ದು ಬದುಕಿದಾಕೆ
> 1945ರ ಜುಲೈ 28ರಂದು ಮಂಜಿನಲ್ಲಿ ದಾರಿ ತಪ್ಪಿದ ಬಿ-25 ಬಾಂಬರ್ ವಿಮಾನ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಅಪ್ಪಳಿಸಿ 14 ಜನ ಸತ್ತರು. ಗಾಯಗೊಂಡ ಲಿಫ್ಟ್ ಆಪರೇಟರ್ ಬೆಟ್ಟಿ ಲೂ ಆಲಿವರ್‌ರನ್ನು ಕೆಳಗಿಳಿಸಲು ಲಿಫ್ಟಿಗೇ ಹತ್ತಿಸಿದರು. ಡಿಕ್ಕಿಯಲ್ಲಿ ಜಖಂ ಆಗಿದ್ದ ರೋಪುಗಳು ಹರಿದವು. ಗವರ್ನರಿನ ರೋಪೂ ತುಂಡಾಗಿದ್ದರಿಂದ ದವಡೆಗಳಿಗೆ ಕಚ್ಚು ಎನ್ನುವವರಿರಲಿಲ್ಲ. ಲಿಫ್ಟು 75 ಅಂತಸ್ತು ಬಿತ್ತು. ಆಕೆ ಬದುಕಿದರು. ಕೆಳಗೆ ಸುರುಳಿಯಾಗಿ ಬಿದ್ದಿದ್ದ ರೋಪುಗಳ ರಾಶಿ, ಲಿಫ್ಟಿನ ಬಾವಿಯೊಳಗೆ ಒತ್ತಲ್ಪಟ್ಟ ಗಾಳಿ ಆಘಾತ ತಗ್ಗಿಸಿದವೆನ್ನುತ್ತಾರೆ.

ಒಂದು ಗೇಣು ವೈರು

ಲಿಫ್ಟು ತಂತ್ರಜ್ಞರ ಚೀಲದಲ್ಲಿ ಎಲ್ಲಕ್ಕಿಂತ ಅಪಾಯಕಾರಿ ವಸ್ತು ಯಾವುದು? ಎರಡು ತುದಿಗೂ ಕ್ಲಿಪ್ ಇರುವ ಒಂದು ಗೇಣು ವೈರು. ಅದಕ್ಕೆ ಜಂಪರ್ ಎನ್ನುತ್ತಾರೆ.

ಪ್ರತಿ ಅಂತಸ್ತಿನ ಬಾಗಿಲಿಗೂ ಒಂದು ಕೊಂಡಿ, ಒಂದು ವಿದ್ಯುತ್ ಕಾಂಟ್ಯಾಕ್ಟು ಇರುತ್ತವೆ. ಕೊಂಡಿ ಕನಿಷ್ಠ 7 ಮಿಲಿಮೀಟರು ಒಳಗೆ ಕೂತ ಮೇಲಷ್ಟೇ ಲಿಫ್ಟು ಹೊರಡಬೇಕು. ಎಲ್ಲ ಬಾಗಿಲುಗಳ ಕಾಂಟ್ಯಾಕ್ಟುಗಳನ್ನೂ ಒಂದೇ ಸರಪಳಿಯಲ್ಲಿ ಕೋದಿರುತ್ತಾರೆ. ಒಂದು ತೆರೆದರೂ ಲಿಫ್ಟು ಕದಲದು. ಯಾವ ಬಾಗಿಲು ಕೈಕೊಟ್ಟಿದೆ ಎಂದು ಹುಡುಕಲು ಮೆಕ್ಯಾನಿಕ್ ಜಂಪರ್ ಹಾಕಿ ಸರಪಳಿಯ ಒಂದು ಭಾಗವನ್ನು ದಾಟಿಸುತ್ತಾನೆ. ಹುಡುಕಿ ಮುಗಿದ ಮೇಲೆ ತೆಗೆಯಬೇಕು. ಅಷ್ಟರಲ್ಲಿ ಇನ್ನೊಂದು ಕಟ್ಟಡದಿಂದ ಫೋನು ಬಂದಿರುತ್ತದೆ.

2011ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂ ಕಟ್ಟಡವೊಂದರಲ್ಲಿ ಕಚೇರಿಗೆ ಬಂದ ಮಹಿಳೆಯೊಬ್ಬರು ಲಿಫ್ಟಿಗೆ ಕಾಲಿಡುತ್ತಿದ್ದಂತೆ, ಬಾಗಿಲು ತೆರೆದಿದ್ದಂತೆಯೇ ಅದು ಮೇಲೆದ್ದಿತು. ಆಕೆ ಉಳಿಯಲಿಲ್ಲ. ಆ ಲಿಫ್ಟಿನಲ್ಲಿ ನಿರ್ವಹಣೆ ಕೆಲಸ ನಡೆದಿತ್ತು. ಬಾಗಿಲಿನ ಸುರಕ್ಷಾ ಸರ್ಕಿಟ್ಟನ್ನು ಜಂಪರಿನಿಂದ ದಾಟಿಸಲಾಗಿತ್ತು. ಮತ್ತೆ ಬಳಕೆಗೆ ಬಿಡುವ ಮುನ್ನ ಆಗಬೇಕಿದ್ದ ತಪಾಸಣೆಗೆ ಕರೆಯಲೇ ಇಲ್ಲ ಎಂದು ನಗರದ ತನಿಖೆ ಹೇಳಿತು. ಯುರೋಪಿನ ಹೊಸ ಮಾನಕದಲ್ಲಿ ಇದಕ್ಕೆಂದೇ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಅಧಿಕೃತ ಬೈಪಾಸ್ ಸ್ವಿಚ್ಚು ಇರುತ್ತದೆ. ಅದನ್ನು ತಿರುಗಿಸಿದರೆ ಲಿಫ್ಟು ಮಾಮೂಲಿ ಕರೆಗಳಿಗೆ ಓಗೊಡುವುದೇ ಇಲ್ಲ. ಭಾರತೀಯ ಮಾನಕವೂ 2022ರಲ್ಲಿ ಐಎಸ್ 17900 ಎಂಬ ಹೊಸ ರೂಪ ಪಡೆದು ಅಂತರರಾಷ್ಟ್ರೀಯ ನಿಯಮಗಳ ಹತ್ತಿರಕ್ಕೆ ಸರಿದಿದೆ. ಓಡುತ್ತಿರುವ ಬಹುಪಾಲು ಲಿಫ್ಟುಗಳು ಮಾತ್ರ ಹಳೆಯವು, ಅವುಗಳ ಮೆಕ್ಯಾನಿಕ್ಕುಗಳ ಜೇಬಿನಲ್ಲಿ ವೈರು ಇದ್ದೇ ಇದೆ.

ತರಬೇತಿ ಎಂಬುದು ಇಲ್ಲಿ ನಿಜಕ್ಕೂ ಜೀವದ ಪ್ರಶ್ನೆ. ಒಳ್ಳೆಯ ತರಬೇತುದಾರರು ಪವರ್‌ಪಾಯಿಂಟಿನಿಂದ ಶುರು ಮಾಡುವುದಿಲ್ಲ, ಕ್ಯಾಬಿನ್ನಿನ ತಲೆಯ ಮೇಲೆ ಹತ್ತುವುದರಿಂದ ಮಾಡುತ್ತಾರೆ. ಅಂತಸ್ತಿನ ಬಾಗಿಲು ತೆರೆದು ಹಿಡಿದು ಕಾಲ್ ಗುಂಡಿ ಒತ್ತು, ಲಿಫ್ಟು ಕದಲಬಾರದು: ಬಾಗಿಲಿನ ಕಾಂಟ್ಯಾಕ್ಟು ಸರಿಯಿದೆ. ಕೈ ಚಾಚಿ ಮೇಲಿನ ಸ್ಟಾಪ್ ಸ್ವಿಚ್ಚು ಒತ್ತಿ, ಬಾಗಿಲು ಮುಚ್ಚಿ, ಮತ್ತೆ ಕಾಲ್. ಕದಲಬಾರದು: ಸ್ಟಾಪ್ ಸರಿಯಿದೆ. ಇನ್‌ಸ್ಪೆಕ್ಷನ್‌ಗೆ ತಿರುಗಿಸಿ, ಸ್ಟಾಪ್ ಬಿಡಿಸಿ, ಬಾಗಿಲು ಮುಚ್ಚಿ, ಮತ್ತೊಮ್ಮೆ ಕಾಲ್, ಕದಲಬಾರದು. ಮೂರೂ ಪಾಸಾದರೆ ಮತ್ತೆ ಸ್ಟಾಪ್ ಒತ್ತಿ, ಆಮೇಲೆ ಕಾಲಿಡು. ಎರಡು ನಿಮಿಷದ ಕೆಲಸ. ಹೊಸ ಹುಡುಗರಿಗೆ ಇದು ಬೇಗ ಬರುತ್ತದೆ; ಇಪ್ಪತ್ತು ವರ್ಷ ಅನುಭವ ಇರುವವರಿಗೆ ಕಲಿಸುವುದೇ ಕಷ್ಟ.

ಐಟಿಐಗಳಲ್ಲಿ ಲಿಫ್ಟ್ ಮತ್ತು ಎಸ್ಕಲೇಟರ್ ಮೆಕ್ಯಾನಿಕ್ ಎಂಬ ಪ್ರತ್ಯೇಕ ಟ್ರೇಡ್ ಇದೆ. ದೊಡ್ಡ ಕಂಪನಿಗಳಿಗೆ ತಮ್ಮದೇ ಶಾಲೆಗಳಿವೆ, ಅಲ್ಲಿ ಅವರವರ ಯಂತ್ರದ ಪಾಠ. ಬೀದಿಬೀದಿಯ ಸಣ್ಣ ಏಎಂಸಿ ಕಂಪನಿಗಳ ಹುಡುಗರು ಕಲಿಯುವುದು ಅಣ್ಣಂದಿರ ಹಿಂದೆ ಟೂಲ್ಸ್ ಹೊತ್ತು. ಸ್ವತಂತ್ರ ತರಬೇತುದಾರರಿಗೆ ಜಾಗ ಇರುವುದು ಇಲ್ಲಿಯೇ.

ತ್ರಿಕೋನ ಕೀಲಿಯ ಪಾಠವನ್ನಂತೂ ವಾಚ್‌ಮನ್ನಿಗೂ ಹೇಳಿಕೊಡಬೇಕು. ಹೊರಬಾಗಿಲನ್ನು ತುರ್ತಿನಲ್ಲಿ ತೆರೆಯುವ ಈ ಕೀಲಿ ಎಷ್ಟೋ ಕಡೆ ಸೆಕ್ಯುರಿಟಿ ಕ್ಯಾಬಿನ್ನಿನ ಮೊಳೆಗೆ ನೇತಾಡುತ್ತಿರುತ್ತದೆ. ಲಿಫ್ಟು ಎದುರಿಗಿದೆ ಎಂದುಕೊಂಡು ತೆರೆದು ಕಾಲಿಟ್ಟರೆ ಎದುರಿಗೆ ಇರುವುದು ಬಾವಿ. ಕೀಲಿಯ ಜೊತೆಗೇ ಎಚ್ಚರಿಕೆಯ ಪಟ್ಟಿ ಕಟ್ಟಿರಬೇಕು, ತರಬೇತಾದವರ ಕೈಗೆ ಮಾತ್ರ ಕೊಡಬೇಕು ಎಂಬುದು ಮಾನಕದ ಮಾತು.

> ಸಿಕ್ಕಿಬಿದ್ದರೆ
> ಉಸಿರುಗಟ್ಟುವುದಿಲ್ಲ, ಕ್ಯಾಬಿನ್ನಿಗೆ ಗಾಳಿಕಿಂಡಿಗಳಿರುತ್ತವೆ. ಗಂಟೆ ಒತ್ತಿ, ಫೋನು ಮಾಡಿ, ಕಾಯಿರಿ. ಎರಡು ಅಂತಸ್ತಿನ ಮಧ್ಯೆ ನಿಂತಾಗ ಬಾಗಿಲು ಮೀಟಿ ಕೆಳಕ್ಕೆ ಜಿಗಿಯುವುದು ಎಲ್ಲಕ್ಕಿಂತ ಅಪಾಯ: ಜಿಗಿದವರು ಹಿಂದಕ್ಕೆ ವಾಲಿ ಕ್ಯಾಬಿನ್ನಿನ ಅಡಿಯ ಸಂದಿಯಿಂದ ಬಾವಿಗೆ ಜಾರುತ್ತಾರೆ. ಹೊಸ್ತಿಲಿನಡಿ ಮುಕ್ಕಾಲು ಮೀಟರಿನ ತಗಡು ಇಳಿಬಿಟ್ಟಿರುವುದು ಇದಕ್ಕೇ. ಕರೆಂಟು ಹೋದರೆ ಲಿಫ್ಟನ್ನು ಹತ್ತಿರದ ಅಂತಸ್ತಿಗೆ ತರುವ ಎಆರ್‌ಡಿಯ ಬ್ಯಾಟರಿ ಬದಲಿಸಿ ಎಷ್ಟು ವರ್ಷವಾಯಿತೆಂದು ಅಸೋಸಿಯೇಷನ್ನನ್ನು ಕೇಳಿ. ಬೇಸ್‌ಮೆಂಟಿಗೆ ಮಳೆನೀರು ನುಗ್ಗುವ ಸೂಚನೆ ಕಂಡರೆ ಲಿಫ್ಟನ್ನು ಮೇಲಿನ ಅಂತಸ್ತಿಗೆ ಒಯ್ದು ಮೇನ್ ಆಫ್ ಮಾಡಬೇಕು.

ಬೆಂಗಳೂರಿನ ಹೊಸ ಕಸುಬು

ಬೆಂಗಳೂರಿನಲ್ಲಿ ಸ್ವತಂತ್ರ ಲಿಫ್ಟ್ ಸಲಹೆಗಾರರಿಗೆ ಕರೆ ಬರುವುದು ಹೆಚ್ಚಾಗಿ ಮೂರು ಸಂದರ್ಭಗಳಲ್ಲಿ. ಬಿಲ್ಡರು ಕಟ್ಟಡವನ್ನು ಅಸೋಸಿಯೇಷನ್ನಿಗೆ ಒಪ್ಪಿಸುವಾಗ. ಏಎಂಸಿ ನವೀಕರಣದ ಜಗಳದಲ್ಲಿ. ‘ಲಿಫ್ಟು ಹಳೆಯದಾಯಿತು, ಪೂರ್ತಿ ಬದಲಿಸಿ’ ಎಂದು ಕಂಪನಿ ಲಕ್ಷಗಟ್ಟಲೆಯ ಕೊಟೇಶನ್ ಕೊಟ್ಟಾಗ.

ಮಳೆಗಾಲದಲ್ಲಿ ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ, ಪಿಟ್. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರದ ಕಡೆ ಬೇಸ್‌ಮೆಂಟುಗಳೇ ಕೆರೆಯಾದದ್ದು ಯಾರಿಗೂ ಮರೆತಿಲ್ಲ. ಲಿಫ್ಟಿನ ಬಾವಿಯ ತಳವಾದ ಈ ಪಿಟ್ ಕಟ್ಟಡದ ಎಲ್ಲಕ್ಕಿಂತ ತಗ್ಗಿನ ಜಾಗ. ನೀರು ಒಂದು ದಿನ ನಿಂತು ಇಂಗಿದರೆ ಮೇಲ್ನೋಟಕ್ಕೆ ಏನೂ ಆಗಿಲ್ಲ ಅನಿಸುತ್ತದೆ. ಬಫರಿನ ಸ್ಪ್ರಿಂಗು, ಗವರ್ನರ್ ರೋಪನ್ನು ಬಿಗಿಯಾಗಿ ಎಳೆದಿಡುವ ತೂಕ, ಸ್ಟಾಪ್ ಸ್ವಿಚ್ಚು, ಎಲ್ಲ ಅಲ್ಲೇ ಕೆಳಗಿವೆ. ತುಕ್ಕು ಕೆಲಸ ಶುರು ಮಾಡುವುದು ನೀರು ಹೋದ ಮೇಲೆ.

ಇವರ ಕೈಯಲ್ಲಿ ಈಗ ಹೊಸ ಉಪಕರಣಗಳೂ ಇವೆ. ಖಾಲಿ ಲಿಫ್ಟನ್ನು ನಿಲ್ಲಿಸಿ, ಅದರ ವೇಗ ಇಳಿದ ಬಗೆಯನ್ನು ಸೆನ್ಸರಿನಲ್ಲಿ ಹಿಡಿದು, ಹೊರೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುವ ವಿಧಾನವನ್ನು ಅಮೆರಿಕದ ಸಂಹಿತೆಯೂ ಕಳೆದ ದಶಕದಲ್ಲಿ ಒಪ್ಪಿತು. ಆಟೋ ಬೇಡ, ಕಬ್ಬಿಣ ಹೊರುವುದು ಬೇಡ. ಹಳಬರು ಮೂಗು ಮುರಿಯುತ್ತಾರೆ. ಮೊದಲೊಮ್ಮೆ ನಿಜವಾದ ಭಾರ ಹೇರಿ ಅಳೆದಿಟ್ಟ ಅಂಕಿ ಇಲ್ಲದಿದ್ದರೆ ಸೆನ್ಸರು ಯಾವುದಕ್ಕೆ ಹೋಲಿಸೀತು ಎಂಬ ಅವರ ತಕರಾರಿನಲ್ಲಿ ಹುರುಳಿದೆ.

ಇನ್ನೊಂದು ಗೋಡೆ ಪಾಸ್‌ವರ್ಡಿನದು. ಹೊಸ ಕಂಟ್ರೋಲರುಗಳ ದೋಷಪಟ್ಟಿ ತೆರೆಯಲು ಕಂಪನಿಯದೇ ಸಾಧನ ಬೇಕು. ದುಡ್ಡು ಕೊಟ್ಟು ಕೊಂಡ ಲಿಫ್ಟಿನೊಳಗೆ ಏನು ನಡೆದಿದೆಯೆಂದು ತಿಳಿಯಲು ಕೊಂಡವರೇ ಅನುಮತಿ ಕೇಳಬೇಕಾದ ಸ್ಥಿತಿ ಇದು. ಖರೀದಿ ಒಪ್ಪಂದದಲ್ಲೇ ಆ ಸಾಧನದ ಹಕ್ಕನ್ನು ಬರೆಸಿಕೊಳ್ಳಿ ಎಂಬುದು ಬುದ್ಧಿವಂತ ಸಲಹೆಗಾರರ ಮೊದಲ ಸಲಹೆ. ಬಿಲ್ಡರು ಸಹಿ ಹಾಕಿದ ಎಷ್ಟೋ ವರ್ಷಕ್ಕೆ ಅದನ್ನು ಓದುವವರಿಗೆ ಈ ಸಲಹೆಯಿಂದ ಉಪಯೋಗವಿಲ್ಲ, ಆ ಮಾತು ಬೇರೆ.

ಹಾಗೆಂದು ವಿಸಿಟಿಂಗ್ ಕಾರ್ಡಿನಲ್ಲಿ ‘ಸ್ವತಂತ್ರ’ ಎಂದು ಅಚ್ಚು ಹಾಕಿಸಿದವರೆಲ್ಲ ಸ್ವತಂತ್ರರಲ್ಲ. ವರದಿಯ ಕೊನೆಯ ಪುಟದಲ್ಲಿ ಒಂದೇ ಬ್ರ್ಯಾಂಡಿನ ಹೆಸರು ಬಂದರೆ, ಬಿಡಿಭಾಗ ತಾವೇ ತರಿಸಿಕೊಡುತ್ತೇವೆ ಎಂದರೆ, ಶುಲ್ಕ ಅನುಮಾನ ಬರುವಷ್ಟು ಅಗ್ಗವಿದ್ದರೆ ಕಮಿಷನ್ನಿನ ವಾಸನೆ ಹಿಡಿಯಬೇಕು. ವರದಿಯಲ್ಲಿ ಅಂಕಿಗಳಿವೆಯೇ ನೋಡಿ: ಎಷ್ಟು ಕಿಲೋ ಹೇರಿದರು, ಎಷ್ಟು ಜಾರಿತು, ಗವರ್ನರ್ ಯಾವ ವೇಗಕ್ಕೆ ಟ್ರಿಪ್ ಆಯಿತು. ಬರೀ ‘ತೃಪ್ತಿಕರ’ ಎಂದಿದ್ದರೆ ಏಎಂಸಿ ಹುಡುಗನ ಹಾಳೆಗೂ ಅದಕ್ಕೂ ಇರುವ ವ್ಯತ್ಯಾಸ ಸ್ಪೈರಲ್ ಬೈಂಡಿಂಗ್ ಮಾತ್ರ.

> ಚಿನ್ನದ ಬಾವಿಯ ಕೇಜು
> ಕನ್ನಡನಾಡಿನ ಅತಿ ಆಳದ ‘ಲಿಫ್ಟು’ಗಳು ಓಡಿದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರು ಆಳ. ಆಳಕ್ಕೆ ಇಳಿಸುವ ಕೇಜಿನ ರೋಪಿಗೆ ಗಣಿ ಕಾನೂನು ನಿಷ್ಕರುಣಿ: ಕೇಜಿಗೆ ಕಟ್ಟಿದ ತುದಿಯನ್ನು ನಿಯತವಾಗಿ ಕತ್ತರಿಸಿ ತೆಗೆದು, ಹೊಸದಾಗಿ ಕಟ್ಟಬೇಕು, ಕತ್ತರಿಸಿದ ತುಂಡನ್ನು ಪರೀಕ್ಷೆಗೆ ಒಡ್ಡಬೇಕು. ಗಣಿ 2001ರಲ್ಲಿ ಮುಚ್ಚಿತು.

ಪರೀಕ್ಷೆಯ ದಿನ ಮೆಷಿನ್ ರೂಮಿನಲ್ಲಿ ಏಎಂಸಿ ಕಂಪನಿಯ ಮೆಕ್ಯಾನಿಕ್ಕೂ ಇರುತ್ತಾನೆ. ಅವನಿಲ್ಲದೆ ಹೊರಗಿನವರು ಯಂತ್ರ ಮುಟ್ಟುವಂತಿಲ್ಲ. ಇವರು ಅವನ ತಪ್ಪು ಹುಡುಕಲು ಬಂದವರು, ಅವನು ಮುಖ ಗಂಟು ಹಾಕಿಕೊಂಡಿರಬೇಕು ಎಂದು ನಾವು ಎಣಿಸುತ್ತೇವೆ. ಮೊದಲ ಅರ್ಧ ಗಂಟೆ ಹಾಗೇ ಇರುತ್ತಾನೆ. ಆಮೇಲೆ ಅಸೋಸಿಯೇಷನ್ನಿನವರು ಕಾಫಿಗೆ ಇಳಿದ ಹೊತ್ತು ನೋಡಿ, ರೋಪಿನ ಸಂದಿಯಲ್ಲಿ ಕೆಂಪು ಪುಡಿ ಉದುರುತ್ತಿರುವ ಜಾಗವನ್ನು ತಾನೇ ಟಾರ್ಚು ಹಾಕಿ ತೋರಿಸುತ್ತಾನೆ. ಒಳಗಿನ ಎಳೆಗಳು ಒಂದಕ್ಕೊಂದು ಉಜ್ಜಿ ತುಕ್ಕಾಗುತ್ತಿರುವುದರ ಗುರುತು ಅದು. “ಆಫೀಸಿಗೆ ಎರಡು ಸಲ ಬರೆದು ಕಳಿಸಿದೀನಿ ಸಾರ್. ಈ ಏಎಂಸಿ ರೇಟಿಗೆ ರೋಪು ಬರಲ್ಲ ಅಂತಾರೆ. ನಿಮ್ ರಿಪೋರ್ಟಲ್ಲಿ ಬರೀರಿ. ನಾನು ಹೇಳ್ದೆ ಅಂತ ಮಾತ್ರ ಬರೀಬೇಡಿ.”

ಪರೀಕ್ಷಕರು ಕ್ಯಾಲಿಪರ್ಸ್ ತೆಗೆದು ರೋಪಿನ ದಪ್ಪ ಮೂರು ಕಡೆ ಅಳೆದು, ಅಂಕಿಗಳನ್ನು ತಮ್ಮ ಹೆಸರಿನಲ್ಲೇ ಬರೆದುಕೊಳ್ಳುತ್ತಾರೆ.